ಸೊನ್ನೆ ಬಿಲ್ಲಿನ ಮನೆಗೂ ಸೋಲಾರ್ ಬೇಕು: ಇಂಧನ ಸಚಿವರಿಗೂ ವಿದ್ಯುತ್ ನಿಯಂತ್ರಣ ಆಯೋಗಕ್ಕೂ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಇಂಧನ ಸಚಿವರಿಗೆ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ವಂದನೆಗಳು.

ಮೊನ್ನೆ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿರುವ ಅಜ್ಜಿಯೊಬ್ಬರಿಗೆ ಮನೆಯ ಮೇಲೆ ಸೋಲಾರ್ ಹಾಕಲು ನೆರವು ಕೊಡುವ ಪಿಎಂ ಸೂರ್ಯ ಘರ್ ಯೋಜನೆಯ ವಿಷಯ ಹೇಳುತ್ತಾ ಕೂತಿದ್ದೆ. ತಾರಸಿ ಮನೆ, ದಕ್ಷಿಣಕ್ಕೆ ಮರಗಳ ನೆರಳಿಲ್ಲ, ಮಗ ಪೇಟೆಯಲ್ಲಿ ಕೆಲಸದಲ್ಲಿದ್ದಾನೆ. ಪ್ಯಾನೆಲ್ ಹಾಕಲು ಹೇಳಿ ಮಾಡಿಸಿದ ಮಾಡು, ಅಂದರೆ ಛಾವಣಿ. ಕೇಂದ್ರ ಸರ್ಕಾರ 1 ಕಿಲೋವಾಟ್‌ಗೆ 30,000, 2 ಕಿಲೋವಾಟ್‌ಗೆ 60,000, 3 ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಕೊಡುತ್ತದೆ ಎಂದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಳಗೆ ಹೋಗಿ, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದ ಕರೆಂಟ್ ಬಿಲ್ಲನ್ನು ತಂದು ನನ್ನ ಕೈಗಿಟ್ಟರು. ಕಟ್ಟಬೇಕಾದ ಮೊತ್ತ: ಸೊನ್ನೆ. "ಇದರಲ್ಲಿ ಉಳಿಸಲಿಕ್ಕೆ ಏನುಂಟು, ನೀವೇ ಹೇಳಿ" ಅಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಗ್ರಾಮೀಣ ಶಾಖೆಗಳಲ್ಲಿ ಕೂತು, ಸಾಲ ಯಾಕೆ ಬೇಕು, ಯಾಕೆ ಬೇಡ ಎಂದು ಜನರೊಂದಿಗೆ ಲೆಕ್ಕ ಹಾಕಿದವಳು ನಾನು. ಅಜ್ಜಿಯ ಲೆಕ್ಕದಲ್ಲಿ ತಪ್ಪಿರಲಿಲ್ಲ, ತಪ್ಪಿರುವುದು ನಮ್ಮ ಯೋಜನೆಯಲ್ಲಿ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಒಂದು ಮಾತು ಮೊದಲೇ ಹೇಳುತ್ತೇನೆ. ಮಿತಿಯೊಳಗೆ ಬಳಸುವ ಮನೆಗಳಿಗೆ ಉಚಿತ ಕರೆಂಟ್ ಕೊಡುವ ರಾಜ್ಯದ ಗೃಹಜ್ಯೋತಿಯನ್ನು ಕಿತ್ತುಹಾಕಿ ಎಂದು ಹೇಳುವ ಪತ್ರ ಇದಲ್ಲ. 2023ರ ಆಗಸ್ಟ್‌ನಲ್ಲಿ ಮೊದಲ ಸೊನ್ನೆ ಬಿಲ್ಲು ಬಂದಾಗ ಎಷ್ಟು ಮನೆಗಳಲ್ಲಿ ಒಂದು ನಿಟ್ಟುಸಿರು ಹೊರಬಂತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಬೀಡಿ ಕಟ್ಟುವ ಹೆಂಗಸರು ಆ ದುಡ್ಡಿನಲ್ಲಿ ಸ್ವಸಹಾಯ ಸಂಘದ ವಾರದ ಕಂತು ಕಟ್ಟಿದ್ದಾರೆ. ಆ ನೆಮ್ಮದಿ ಅವರಿಗೆ ಉಳಿಯಬೇಕು. ನಾನು ಕೇಳುತ್ತಿರುವುದು ಇಷ್ಟೇ. ಸರ್ಕಾರ ಪ್ರತಿ ತಿಂಗಳೂ ಆ ಮನೆಯ ಪರವಾಗಿ ಕಟ್ಟುತ್ತಿರುವ ದುಡ್ಡು, ಆ ಮನೆಯ ಮಾಡಿನ ಮೇಲೆ ಇಪ್ಪತ್ತೈದು ವರ್ಷ ಬಾಳುವ ಆಸ್ತಿಯಾಗಿ ಯಾಕೆ ಬದಲಾಗಬಾರದು?

2025-26ರ ಬಜೆಟ್ಟಿನಲ್ಲಿ ಗೃಹಜ್ಯೋತಿಗೆ 10,100 ಕೋಟಿ ರೂಪಾಯಿ ಇಟ್ಟಿದ್ದೀರಿ. ಒಂದೂವರೆ ಕೋಟಿಗೂ ಹೆಚ್ಚು ಮನೆಗಳು ಇದರಲ್ಲಿವೆ. ಈ ಮನೆಗಳ ಮಟ್ಟಿಗೆ ಮಿತಿಯೊಳಗಿನ ಒಂದು ಯೂನಿಟ್ಟಿನ ಬೆಲೆ ಸೊನ್ನೆ. ಸೊನ್ನೆ ಬೆಲೆಯ ವಸ್ತುವನ್ನು ಮನೆಯಲ್ಲೇ ತಯಾರಿಸಿಕೊಳ್ಳಿ, ಅದಕ್ಕೆ ಸಾಲ ಮಾಡಿ, ಸಬ್ಸಿಡಿ ಆಮೇಲೆ ಬರುತ್ತದೆ ಎಂದರೆ ಯಾರು ಮುಂದೆ ಬಂದಾರು? ಕೇಂದ್ರದ ಯೋಜನೆ 2024ರ ಫೆಬ್ರವರಿಯಲ್ಲಿ 75,021 ಕೋಟಿ ರೂಪಾಯಿಯ ವೆಚ್ಚದೊಂದಿಗೆ ಒಂದು ಕೋಟಿ ಮನೆಗಳ ಗುರಿಯಿಟ್ಟು ಹೊರಟಿತು. ಗುಜರಾತ್, ಮಹಾರಾಷ್ಟ್ರ, ಉತ್ತರ ಪ್ರದೇಶ, ಕೇರಳ ಮುಂದೆ ಹೋದವು. ಪಾವಗಡದಲ್ಲಿ ಹದಿಮೂರು ಸಾವಿರ ಎಕರೆಯಷ್ಟು ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದು 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಕಟ್ಟಿ, ಇಡೀ ದೇಶ ತಿರುಗಿ ನೋಡುವಂತೆ ಮಾಡಿದ ರಾಜ್ಯ ನಮ್ಮದು. ಮನೆಯ ಮಾಡಿನ ವಿಷಯ ಬಂದಾಗ ಮಾತ್ರ ಹಿಂದೆ ಉಳಿದಿದ್ದೇವೆ. ನಮ್ಮ ಜನಕ್ಕೆ ಸೋಲಾರ್ ಗೊತ್ತಿಲ್ಲ ಎಂದು ಯಾರೂ ಹೇಳದಿರಲಿ. ಈ ದೇಶದಲ್ಲಿ ಮನೆ ಸೋಲಾರ್‌ನ ಪಾಠ ಕಲಿಸಿದ್ದೇ ನಮ್ಮ ಹಳ್ಳಿಗಳು.

ಆ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈಗಿನ ಅಧಿಕಾರಿಗಳಲ್ಲಿ ಹಲವರಿಗೆ ಅದು ನೆನಪಿರಲಿಕ್ಕಿಲ್ಲ.

2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಮತ್ತು ಅವು ಪ್ರಾಯೋಜಿಸಿದ ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿ ದಕ್ಷಿಣ ಭಾರತದಲ್ಲಿ ಒಂದು ಸೋಲಾರ್ ಸಾಲ ಯೋಜನೆ ತಂದಿತು. ಮುಖ್ಯ ಕಾರ್ಯಕ್ಷೇತ್ರ ಕರ್ನಾಟಕ. ಅದರ ವಿಶೇಷ ಏನೆಂದರೆ ಪ್ಯಾನೆಲ್ಲಿನ ಬೆಲೆಗೆ ಅವರು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಕೊಟ್ಟದ್ದು ಬಡ್ಡಿಗೆ. ಸುಮಾರು 12 ಶೇಕಡಾ ಇದ್ದ ಬಡ್ಡಿ, ಸಾಲಗಾರನ ಕೈಗೆ ಬರುವಾಗ 5 ಶೇಕಡಾ ಆಗುತ್ತಿತ್ತು. ಆ ನೆರವನ್ನೂ ಹಂತಹಂತವಾಗಿ ಇಳಿಸುತ್ತಾ ಬಂದು ಕೊನೆಗೆ ನಿಲ್ಲಿಸಿದರು. ನಿಲ್ಲಿಸುತ್ತೇವೆ ಎಂಬುದನ್ನು ಆರಂಭದಲ್ಲೇ ಹೇಳಿದ್ದರು. ಯಾವ ಕಂಪನಿಯ ದೀಪ ಬೇಕೆಂಬುದು ಗ್ರಾಹಕನಿಗೇ ಬಿಟ್ಟದ್ದು. ಆದರೆ ಮಾರಾಟದ ನಂತರ ಸರ್ವಿಸ್ ಕೊಡುವ, ಗುಣಮಟ್ಟ ಪರೀಕ್ಷೆಯಲ್ಲಿ ಪಾಸಾದ ಕಂಪನಿಗಳಿಗೆ ಮಾತ್ರ ಪಟ್ಟಿಯಲ್ಲಿ ಜಾಗ. ಹದಿನಾರು ಸಾವಿರಕ್ಕೂ ಹೆಚ್ಚು ಮನೆಗಳು ಆ ಸಾಲದಿಂದ ಬೆಳಕು ಕಂಡವು. ಬೆಂಗಳೂರಿನಲ್ಲಿ ಹುಟ್ಟಿದ ಸೋಲಾರ್ ಸಂಸ್ಥೆ ಸೆಲ್ಕೋವನ್ನು 1995ರಿಂದ ಕಟ್ಟಿಕೊಂಡು ಬಂದು, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರು ಬ್ಯಾಂಕುಗಳನ್ನು ಒಪ್ಪಿಸಿ ಬಡವರಿಗೆ ಸಾಲ ಕೊಡಿಸಿದ ದಾರಿಯೂ ಇದೇ ಮಣ್ಣಿನದು.

ಆಗ ನಾನು ಘಟ್ಟದ ಕೆಳಗಿನ ಒಂದು ಸಣ್ಣ ಶಾಖೆಯಲ್ಲಿದ್ದೆ. ಅಡಿಕೆ ತೋಟಗಳ ಒಳಗೆ, ಕಂಬ ಬಾರದ ಮನೆಗಳಿಗೆ ನಾಲ್ಕು ದೀಪದ ಸಾಲ. ಹದಿನೈದು ಸಾವಿರ ಸಾಲಕ್ಕೆ ಐದು ವರ್ಷದ ಅವಧಿ ಎಂದುಕೊಳ್ಳಿ. 12 ಶೇಕಡಾ ಬಡ್ಡಿಯಲ್ಲಿ ತಿಂಗಳಿಗೆ 334 ರೂಪಾಯಿ. 5 ಶೇಕಡಾದಲ್ಲಿ 283. ವ್ಯತ್ಯಾಸ ಐವತ್ತು ರೂಪಾಯಿ! ಆ ಐವತ್ತು ರೂಪಾಯಿಗೆ ಜನ ಬ್ಯಾಂಕಿನ ಮೆಟ್ಟಿಲು ಹತ್ತಿದರು. ಸೀಮೆಎಣ್ಣೆಗೆ ಹೋಗುತ್ತಿದ್ದ ದುಡ್ಡು ಮತ್ತು ಕಂತಿನ ದುಡ್ಡು ಹೆಚ್ಚುಕಡಿಮೆ ಒಂದೇ ಆದಾಗ, ಮನೆಯ ಯಜಮಾನತಿ ತಾನೇ ತೀರ್ಮಾನ ಮಾಡುತ್ತಿದ್ದಳು. ಅಡಿಕೆ ಮಾರುವ ಕಾಲಕ್ಕೆ ಸರಿಯಾಗಿ ಆರು ತಿಂಗಳಿಗೊಮ್ಮೆ ಕಂತು ಕಟ್ಟಿಸಿಕೊಳ್ಳುತ್ತಿದ್ದೆವು. ನನ್ನ ಶಾಖೆಯಲ್ಲಿ ಆ ಸಾಲಗಳು ಟ್ರ್ಯಾಕ್ಟರ್ ಸಾಲಕ್ಕಿಂತ ಚೆನ್ನಾಗಿ ವಾಪಸ್ ಬಂದವು.

ಆಮೇಲೆ ಕೆಲವು ವರ್ಷಗಳ ನಂತರ ಇನ್ನೊಂದು ಯೋಜನೆ ಬಂತು. ಈ ಸಲ ಬೆಲೆಯ ಮೇಲೆಯೇ ದೊಡ್ಡ ಸಬ್ಸಿಡಿ. ಖುಷಿಯಾಗಬೇಕಿತ್ತು. ಆದದ್ದೇ ಬೇರೆ. ಸುದ್ದಿ ಬಂದ ದಿನದಿಂದ ಸಾಲ ಕೇಳುವವರು ನಿಂತರು. "ಸಬ್ಸಿಡಿ ಬರಲಿ ಮೇಡಂ, ಆಮೇಲೆ ನೋಡುವ." ಸಬ್ಸಿಡಿಯ ಕಾಗದ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ಸಾಲ ಕೊಟ್ಟ ಮನೆಗಳ ಖಾತೆಗೆ ದುಡ್ಡು ಬಾರದೆ, ಅಲ್ಲಿಯವರೆಗೆ ಪೂರ್ತಿ ಮೊತ್ತಕ್ಕೆ ಬಡ್ಡಿ ಓಡುತ್ತಿತ್ತು. ಮನೆಯವರು ನನ್ನನ್ನು ಕೇಳುತ್ತಿದ್ದರು, ನಾನು ಮೇಲಿನವರನ್ನು ಕೇಳುತ್ತಿದ್ದೆ. ಸಬ್ಸಿಡಿ ದೊಡ್ಡದಾಗಿದ್ದರೆ ಸಾಲದು, ಅದು ಬರುವ ದಿನ ನಂಬುವಂತಿರಬೇಕು ಎಂಬುದನ್ನು ನಾನು ಕಲಿತದ್ದು ಆ ಮಳೆಗಾಲದಲ್ಲಿ.

ಇನ್ನೊಂದು ಉದಾಹರಣೆ ನಿಮ್ಮದೇ ಇಲಾಖೆಯದು, ಹಾಗಾಗಿ ಹೆಮ್ಮೆಯಿಂದ ಹೇಳುತ್ತೇನೆ. ಸೋಲಾರ್ ವಾಟರ್ ಹೀಟರ್. ಬಚ್ಚಲೊಲೆಗೆ ಕಟ್ಟಿಗೆ ತುರುಕಿ ಹಂಡೆ ನೀರು ಕಾಯಿಸುತ್ತಿದ್ದ ನಾಡಿನಲ್ಲಿ, ಬೆಂಗಳೂರಿನ ತಾರಸಿಗಳ ಮೇಲೆಲ್ಲ ಇವತ್ತು ಆ ಟ್ಯಾಂಕುಗಳು ಕಾಣುತ್ತವೆ. ಅದಾದದ್ದು ಎರಡು ಕಾರಣಕ್ಕೆ. 2007ರಿಂದ ಹೊಸ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿದಿರಿ. ಜೊತೆಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯನ್ನು ಕರೆಂಟ್ ಬಿಲ್ಲಿನಲ್ಲೇ ಮುದ್ರಿಸಿ ಕೊಟ್ಟಿರಿ. ಮತ್ತೆ ಅದೇ ಐವತ್ತು ರೂಪಾಯಿ ನೋಡಿ. ದೊಡ್ಡ ಮೊತ್ತವಲ್ಲ. ಆದರೆ ಪ್ರತಿ ತಿಂಗಳೂ ಬಿಲ್ಲಿನಲ್ಲಿ ಕಣ್ಣಿಗೆ ಕಾಣುತ್ತಿತ್ತು, ಅರ್ಜಿ ಹಾಕಿ ಕಾಯಬೇಕಾಗಿರಲಿಲ್ಲ, ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿರಲಿಲ್ಲ.

ಈಗ ಅಜ್ಜಿಯ ಸೊನ್ನೆ ಬಿಲ್ಲಿಗೆ ಬರುತ್ತೇನೆ. ಹಳೆಯ ಬ್ಯಾಂಕಿನವಳ ಪೆನ್ಸಿಲ್ ಲೆಕ್ಕ ಇದು, ತಿದ್ದುವುದಿದ್ದರೆ ತಿದ್ದಿ.

ಅಜ್ಜಿಯ ಮನೆ ತಿಂಗಳಿಗೆ 90 ಯೂನಿಟ್ ಬಳಸುತ್ತದೆ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಲ್ಲಿ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಅದರ ಮೇಲೆ ಪಿಂಚಣಿ ಮತ್ತು ಗ್ರಾಚ್ಯುಟಿಯ 36 ಪೈಸೆ. ಒಟ್ಟು 554 ರೂಪಾಯಿ. ನಿಗದಿತ ಶುಲ್ಕವನ್ನೂ ತೆರಿಗೆಯನ್ನೂ ನಾನು ಹಿಡಿದಿಲ್ಲ. ಈ 554 ರೂಪಾಯಿಯನ್ನು ಸರ್ಕಾರ ಪ್ರತಿ ತಿಂಗಳು ಕಟ್ಟುತ್ತದೆ, ಮುಂದಿನ ವರ್ಷವೂ ಕಟ್ಟುತ್ತದೆ, ಹತ್ತು ವರ್ಷ ಕಳೆದರೂ ಕಟ್ಟುತ್ತಲೇ ಇರುತ್ತದೆ. ಈಗ ಅದೇ ಮಾಡಿನ ಮೇಲೆ 1 ಕಿಲೋವಾಟ್‌ನ ಪ್ಯಾನೆಲ್ ಇಡೋಣ. 65,000 ರೂಪಾಯಿ ಖರ್ಚು ಎಂದು ಹಿಡಿಯುತ್ತೇನೆ. ಕೇಂದ್ರದ 30,000 ಕಳೆದರೆ ಉಳಿದದ್ದು 35,000. ಅದನ್ನು 7 ಶೇಕಡಾ ಬಡ್ಡಿಗೆ ಹತ್ತು ವರ್ಷದ ಸಾಲ ಮಾಡಿದರೆ ತಿಂಗಳ ಕಂತು 406 ರೂಪಾಯಿ. ಕರಾವಳಿಯ ಮೋಡ, ಮಳೆ ಎಲ್ಲ ಕಳೆದರೂ 1 ಕಿಲೋವಾಟ್ ವರ್ಷದ ಸರಾಸರಿಯಲ್ಲಿ ತಿಂಗಳಿಗೆ 100 ಯೂನಿಟ್ಟಿಗೆ ಮೋಸ ಮಾಡುವುದಿಲ್ಲ. ಬಯಲುಸೀಮೆಯಲ್ಲಿ ಇನ್ನೂ ಹೆಚ್ಚು.

ಅಂದರೆ 554 ರೂಪಾಯಿ ಖರ್ಚಾಗುತ್ತಿರುವ ಜಾಗದಲ್ಲಿ 406 ರೂಪಾಯಿ. ಹತ್ತು ವರ್ಷದ ನಂತರ ಕಂತು ಮುಗಿಯುತ್ತದೆ. ಆ ಹೊತ್ತಿಗೆ ಇನ್ವರ್ಟರ್ ಒಮ್ಮೆ ಬದಲಿಸಬೇಕಾದೀತು, ಪ್ಯಾನೆಲ್ ಮಾತ್ರ ಇನ್ನೂ ಹದಿನೈದು ವರ್ಷ ದುಡಿಯುತ್ತದೆ.

ಇಲ್ಲಿ ಉಳಿಯುವ ಸುಮಾರು 148 ರೂಪಾಯಿ ಯಾರಿಗೆ ಸೇರಬೇಕು? ನನ್ನ ಇಡೀ ಪತ್ರದ ತಿರುಳು ಇದೇ ಪ್ರಶ್ನೆ. ಪೂರ್ತಿ ಖಜಾನೆಗೆ ಹೋದರೆ ಅಜ್ಜಿ ಮಾಡಿನ ಮೇಲೆ ಯಾರನ್ನೂ ಹತ್ತಲು ಬಿಡುವುದಿಲ್ಲ. ಬಿಡಬೇಕೆಂದು ಕೇಳುವ ಹಕ್ಕೂ ನಮಗಿಲ್ಲ, ಮಾಡು ಅವರದು. ಆದ್ದರಿಂದ ಅದರಲ್ಲಿ 50 ರೂಪಾಯಿಯನ್ನು ಮಾಡಿನ ಬಾಡಿಗೆ ಎಂದು ಅಜ್ಜಿಯ ಖಾತೆಗೆ ಹಾಕಿ, ಬಿಲ್ಲಿನಲ್ಲೇ ಮುದ್ರಿಸಿ. ಸೊನ್ನೆಯ ಕೆಳಗೆ ಇನ್ನೊಂದು ಸಾಲು: "ನಿಮ್ಮ ಮಾಡಿನ ಬಾಡಿಗೆ 50 ರೂ." ಉಳಿದ 98 ರೂಪಾಯಿ ವಿದ್ಯುತ್ ಸರಬರಾಜು ಕಂಪನಿಗೆ, ಅಂದರೆ ಎಸ್ಕಾಂಗೆ ಹೋಗಲಿ, ತಂತಿ, ಟ್ರಾನ್ಸ್‌ಫಾರ್ಮರ್ ಸರಿಮಾಡಲಿಕ್ಕೆ. ಸಾಲ ಅಜ್ಜಿಯ ಹೆಸರಿನಲ್ಲಿ ಬೇಡ. ಎಸ್ಕಾಂ ಹೆಸರಿನಲ್ಲೇ ಇರಲಿ, ಪ್ಯಾನೆಲ್ಲೂ ಸಾಲ ತೀರುವವರೆಗೆ ಅದರದ್ದೇ ಇರಲಿ, ಆಮೇಲೆ ಮನೆಗೆ ಸೇರಲಿ. ಕೇಂದ್ರದ ಯೋಜನೆಯಲ್ಲಿ ವಿದ್ಯುತ್ ಕಂಪನಿಯೇ ಮನೆಗಳನ್ನು ಗುಂಪು ಮಾಡಿ ಪ್ಯಾನೆಲ್ ಹಾಕಿಕೊಡುವುದಕ್ಕೆ ಅವಕಾಶವಿದೆ, ಹೊಸ ಕಾನೂನು ಬೇಕಿಲ್ಲ. ಹತ್ತು ಲಕ್ಷ ಮನೆಗಳಿಗೆ ಇದನ್ನು ಮಾಡಿದರೆ ಒಟ್ಟು ಸಾಲ 3,500 ಕೋಟಿ, ಅದೂ ಹತ್ತು ವರ್ಷಕ್ಕೆ ಹಂಚಿಹೋಗುವ ಮೊತ್ತ. ಒಂದೇ ವರ್ಷದ ಗೃಹಜ್ಯೋತಿಯ ಮೊತ್ತದ ಮುಂದೆ ಇಟ್ಟು ನೋಡಿ.

ರಾಜಸ್ಥಾನ ಈ ದಿಕ್ಕಿನಲ್ಲಿ ಆಗಲೇ ಹೆಜ್ಜೆ ಇಟ್ಟಿದೆ. ಅಲ್ಲಿ ತಿಂಗಳಿಗೆ 100 ಯೂನಿಟ್ ಉಚಿತವಿತ್ತು. ಅದನ್ನು 150ಕ್ಕೆ ಏರಿಸುವಾಗ ಸೋಲಾರ್‌ಗೆ ಜೋಡಿಸಿದರು. 1.1 ಕಿಲೋವಾಟ್‌ಗೆ ಕೇಂದ್ರದ 33,000, ರಾಜ್ಯದ 17,000 ಸೇರಿಸಿ, ಮನೆಯವರ ಮೇಲೆ ಭಾರ ಬೀಳದಂತೆ ಮಾಡುವ ಲೆಕ್ಕ. ನಮ್ಮಲ್ಲಿ ಅದಕ್ಕಿಂತ ಚೆನ್ನಾಗಿ ಮಾಡಲು ಸಾಧ್ಯವಿದೆ, ಯಾಕೆಂದರೆ ನಮ್ಮಲ್ಲಿ ಸೋಲಾರ್ ಸಾಲ ಕೊಟ್ಟು ಪಳಗಿದ ಬ್ಯಾಂಕುಗಳಿವೆ, ಸಹಕಾರ ಸಂಘಗಳಿವೆ.

ತಿಂಗಳಿಗೆ ಮುನ್ನೂರು, ನಾನೂರು ಯೂನಿಟ್ ಬಳಸುವ ಮನೆಗಳ ವಿಷಯ ಬೇರೆ. ಅವರಿಗೆ ಪೂರ್ತಿ ಬಿಲ್ಲು ಬರುತ್ತದೆ, ಹಾಗಾಗಿ 3 ಕಿಲೋವಾಟ್ ಹಾಕಿದರೆ ಉಳಿತಾಯ ತಾನಾಗಿ ಕಾಣುತ್ತದೆ. ಅವರಿಗೆ ರಾಜ್ಯದ ಬೊಕ್ಕಸದಿಂದ ಇನ್ನಷ್ಟು ಸಬ್ಸಿಡಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಬೇರೆ ಕೆಲವು ರಾಜ್ಯಗಳು ಕೇಂದ್ರದ ಸಬ್ಸಿಡಿಯ ಮೇಲೆ ತಮ್ಮದನ್ನೂ ಎಲ್ಲರಿಗೂ ಸಮನಾಗಿ ಹಂಚುತ್ತಿವೆ. ಎರಡು ಕಾರು ಇರುವ ಮನೆಗೂ ಅದು ಹೋಗುತ್ತದೆ. ಇಂಥವರಿಗೆ ಬೇಕಾದದ್ದು ದುಡ್ಡಲ್ಲ, ಬೇಗ ಕೆಲಸ ಮುಗಿಯುವುದು. 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ಗ್ರಾಹಕ ಹಕ್ಕುಗಳ ನಿಯಮದ ಪ್ರಕಾರ 10 ಕಿಲೋವಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆಯೇ ಬೇಡ, 5 ಕಿಲೋವಾಟ್‌ವರೆಗೆ ಲೈನ್ ಬಲಪಡಿಸುವ ಖರ್ಚು ಕಂಪನಿಯದೇ, ಎಲ್ಲ ಮುಗಿಸಿ ಚಾಲನೆ ಕೊಡಲು 15 ದಿನ. ನಿಯಮ ಕಾಗದದಲ್ಲಿ ಉಳಿಯದಂತೆ ನೋಡಿಕೊಳ್ಳುವುದು ಆಯೋಗದ ಕೆಲಸ. ಪ್ರತಿ ಉಪವಿಭಾಗದಲ್ಲಿ ಎಷ್ಟು ಅರ್ಜಿ ಬಂತು, ಎಷ್ಟು ದಿನಕ್ಕೆ ಮುಗಿಯಿತು ಎಂಬುದನ್ನು ಕಚೇರಿಯ ಬಾಗಿಲಲ್ಲಿ ಬೋರ್ಡ್ ಹಾಕಿ ಬರೆಸಿ, ಸಾಕು.

ಹೆಸರಿನ ತೊಡಕು ಒಂದಿದೆ. ಇದು ಕೇಳಲು ಸಣ್ಣದು, ಆದರೆ ನಾನು ಸಹಾಯ ಮಾಡಲು ಹೋದ ಅರ್ಜಿಗಳಲ್ಲಿ ಹೆಚ್ಚು ನಿಂತದ್ದು ಇಲ್ಲೇ. ಕರೆಂಟ್ ಸಂಪರ್ಕದ ಆರ್.ಆರ್. ನಂಬರ್ ತೀರಿಹೋದ ತಾತನ ಹೆಸರಿನಲ್ಲಿ, ಮನೆ ಖಾತೆ ದೊಡ್ಡಪ್ಪನ ಹೆಸರಿನಲ್ಲಿ, ವಾಸ ಇರುವುದು ಮೊಮ್ಮಗ, ಬ್ಯಾಂಕ್ ಖಾತೆ ಸೊಸೆಯದು. ಪಾಲು ಆಗದ ಮನೆ ನಮ್ಮಲ್ಲಿ ಎಷ್ಟಿಲ್ಲ? ಸಬ್ಸಿಡಿ ಗ್ರಾಹಕನ ಖಾತೆಗೇ ಬರಬೇಕು. ತಾತನನ್ನು ಎಲ್ಲಿಂದ ಕರೆತರುವುದು? ಗೃಹಜ್ಯೋತಿ ಬಂದಾಗ ಬಾಡಿಗೆದಾರರಿಗೂ ಆಧಾರ್ ಜೋಡಿಸಿ ಸೌಲಭ್ಯ ಕೊಟ್ಟಿರಿ, ಒಂದೆರಡು ತಿಂಗಳಲ್ಲಿ ಒಂದು ಕೋಟಿಗೂ ಹೆಚ್ಚು ನೋಂದಣಿ ಮುಗಿಸಿದಿರಿ. ಆ ಚುರುಕನ್ನೇ ಇಲ್ಲೂ ತೋರಿಸಿ. ಹೋಬಳಿಗೊಂದು ದಿನ ಗೊತ್ತುಮಾಡಿ, ಗ್ರಾಮ ಆಡಳಿತಾಧಿಕಾರಿ ಮತ್ತು ಲೈನ್‌ಮನ್ ಒಂದೇ ಮೇಜಿನಲ್ಲಿ ಕೂತು ಹೆಸರು ಬದಲಾವಣೆ ಮಾಡಿಕೊಡಲಿ.

ಆಯೋಗದವರಿಗೆ ದರದ ವಿಷಯದಲ್ಲಿ ಒಂದು ಕೋರಿಕೆ. 2013ರಲ್ಲಿ ಮಾಡಿನ ಸೋಲಾರ್‌ನಿಂದ ಎಸ್ಕಾಂ ಕೊಳ್ಳುವ ವಿದ್ಯುತ್ತಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ, ಸಬ್ಸಿಡಿ ಪಡೆದವರಿಗೆ 7 ರೂಪಾಯಿ 20 ಪೈಸೆ ಎಂದು ಗೊತ್ತುಮಾಡಿದಿರಿ. ಆಗ ಅದು ಧೈರ್ಯದ ಕೆಲಸ. ಆದರೆ ಪ್ಯಾನೆಲ್ಲಿನ ಬೆಲೆ ಕುಸಿಯುತ್ತಾ ಹೋದಾಗಲೂ ದರ ಹಾಗೇ ನಿಂತಿತು, ಮನೆಯವರಿಗಿಂತ ದೊಡ್ಡ ದೊಡ್ಡ ಶೆಡ್ಡುಗಳ ಮಾಲೀಕರು ಓಡಿಬಂದರು. 2016ರಲ್ಲಿ ಒಮ್ಮೆಲೇ ಇಳಿಸಬೇಕಾಯಿತು. ಸ್ಪೇನ್ ದೇಶಕ್ಕೂ ಹೀಗೇ ಆಯಿತು. ಅಲ್ಲಿ ಧಾರಾಳ ದರ ಕೊಟ್ಟು, 2008ರಲ್ಲಿ ನಿರೀಕ್ಷೆ ಮೀರಿ ಜನ ನುಗ್ಗಿದಾಗ ಹಠಾತ್ತನೆ ಬಾಗಿಲು ಮುಚ್ಚಿದರು, ಕೆಲಸಗಾರರು ಬೀದಿಗೆ ಬಿದ್ದರು. ಕ್ಯಾಲಿಫೋರ್ನಿಯಾ 2007ರಲ್ಲಿ ಬೇರೆ ದಾರಿ ಹಿಡಿಯಿತು. ಇಷ್ಟು ಮೆಗಾವಾಟ್ ತುಂಬಿದ ಕೂಡಲೇ ನೆರವು ಒಂದು ಮೆಟ್ಟಿಲು ಇಳಿಯುತ್ತದೆ, ಮತ್ತೆ ಇಷ್ಟು ತುಂಬಿದರೆ ಇನ್ನೊಂದು ಮೆಟ್ಟಿಲು ಎಂದು ಮೊದಲೇ ಪ್ರಕಟಿಸಿತು. ನೀವೂ ಹಾಗೇ ಮಾಡಿ. ಇವತ್ತು ಹಾಕಿದರೆ ಲಾಭ, ನಾಳೆ ಹಾಕಿದರೆ ಸ್ವಲ್ಪ ಕಡಿಮೆ ಎಂದು ತಿಳಿದಿದ್ದರೆ, "ಸಬ್ಸಿಡಿ ಬರಲಿ ಮೇಡಂ" ಎಂದು ಯಾರೂ ಕಾಯುವುದಿಲ್ಲ.

ದರಕ್ಕಿಂತ ನಮ್ಮ ಮಲೆನಾಡು, ಕರಾವಳಿಯವರಿಗೆ ಮುಖ್ಯವಾದದ್ದು ಲೆಕ್ಕದ ಅವಧಿ, ಅಂದರೆ ನಾವು ಎಸ್ಕಾಂಗೆ ಕೊಟ್ಟ ಯೂನಿಟ್ಟನ್ನೂ ಅಲ್ಲಿಂದ ಪಡೆದದ್ದನ್ನೂ ಎಷ್ಟು ಕಾಲಕ್ಕೊಮ್ಮೆ ಹೊಂದಿಸುತ್ತಾರೆ ಎಂಬುದು. ಜೂನ್‌ನಿಂದ ಆಗಸ್ಟ್‌ವರೆಗೆ ಸೂರ್ಯನ ಮುಖ ಕಾಣುವುದೇ ಅಪರೂಪ. ಫೆಬ್ರವರಿ, ಮಾರ್ಚ್‌ನಲ್ಲಿ ಉಕ್ಕಿ ಹರಿಯುತ್ತದೆ. ತಿಂಗಳಿಗೊಮ್ಮೆ ಲೆಕ್ಕ ಮುಗಿಸಿದರೆ ಬೇಸಿಗೆಯಲ್ಲಿ ಕಡಿಮೆ ದರಕ್ಕೆ ಮಾರಿ, ಮಳೆಗಾಲದಲ್ಲಿ ಹೆಚ್ಚು ದರಕ್ಕೆ ಕೊಂಡಂತಾಗುತ್ತದೆ. ಮಾವಿನಕಾಯಿಯನ್ನು ಬೇಸಿಗೆಯಲ್ಲಿ ಉಪ್ಪಿಗೆ ಹಾಕಿ ಮಳೆಗಾಲದ ಆಟಿ ತಿಂಗಳಿಗೆ ತೆಗೆಯುವ ಜನ ನಾವು. ಯೂನಿಟ್ಟುಗಳಿಗೂ ಒಂದು ಭರಣಿ ಕೊಡಿ. ಲೆಕ್ಕ ವರ್ಷಕ್ಕೊಮ್ಮೆ ಮುಗಿಯಲಿ.

ಎಲ್ಲ ಮಾಡೂ ಪ್ಯಾನೆಲ್ಲಿಗೆ ಒಗ್ಗುವುದಿಲ್ಲ ಎಂಬುದೂ ನಿಜ. ಹಳೆಯ ಮಂಗಳೂರು ಹಂಚಿನ ಮನೆಯ ಪಕ್ಕಾಸು ಭಾರ ತಡೆಯುವುದಿಲ್ಲ. ತೋಟದೊಳಗಿನ ಮನೆಗೆ ಅಡಿಕೆ, ತೆಂಗಿನ ನೆರಳು. ಬೆಂಗಳೂರಿನ ಬಾಡಿಗೆ ಮನೆಯವರಿಗೆ ತಾರಸಿಯೇ ಇಲ್ಲ. ಅಂಥವರ ಪಾಲಿನ ಪ್ಯಾನೆಲ್ ಊರಿನ ಕೃಷಿ ಪತ್ತಿನ ಸಹಕಾರ ಸಂಘದ ಗೋದಾಮಿನ ಮೇಲೆ, ಶಾಲೆಯ ಮೇಲೆ, ಹಾಲಿನ ಡೇರಿಯ ಮೇಲೆ ಇರಲಿ. ಅಲ್ಲಿ ಹುಟ್ಟಿದ ಯೂನಿಟ್ಟು ಇವರ ಬಿಲ್ಲಿನಲ್ಲಿ ಕಳೆಯಲಿ. ಸಂಘದಲ್ಲಿ ಶೇರು ಇಟ್ಟು ಗೊತ್ತಿರುವ ಜನಕ್ಕೆ ಪ್ಯಾನೆಲ್ಲಿನ ಶೇರು ಅರ್ಥವಾಗಲು ಐದು ನಿಮಿಷ ಸಾಕು.

ಎಸ್ಕಾಂನವರ ಕಷ್ಟವನ್ನೂ ಹೇಳದೆ ಹೋದರೆ ಈ ಪತ್ರ ಪ್ರಾಮಾಣಿಕವಾಗುವುದಿಲ್ಲ. ಪ್ಯಾನೆಲ್ ಮಧ್ಯಾಹ್ನ ದುಡಿಯುತ್ತದೆ, ಜನಕ್ಕೆ ಕರೆಂಟ್ ಬೇಕಾಗುವುದು ಸಂಜೆ. ಹಗಲು ಹೆಚ್ಚಾದ ವಿದ್ಯುತ್ತನ್ನು ಕೊಂಡು, ಸಂಜೆ ದುಬಾರಿ ವಿದ್ಯುತ್ತನ್ನು ತಂದುಕೊಡುವ ಹೊರೆ ಅವರ ಮೇಲೆ ಬೀಳುತ್ತದೆ. ಚೆನ್ನಾಗಿ ಬಿಲ್ಲು ಕಟ್ಟುವ ಮನೆಗಳು ಸೋಲಾರ್‌ಗೆ ಹೋದರೆ ಅವರ ಆದಾಯಕ್ಕೆ ಪೆಟ್ಟು. ನಾಲ್ಕು ಹೊಡೆತ ತಿಂದವರಿಗೆ ಸೋಲಾರ್ ಅರ್ಜಿ ಕಂಡರೆ ಉತ್ಸಾಹ ಬಾರದಿರುವುದು ಸಹಜ, ಅವರನ್ನು ಬೈದು ಪ್ರಯೋಜನವಿಲ್ಲ. ಅದಕ್ಕಾಗಿಯೇ ಆ 98 ರೂಪಾಯಿಯನ್ನು ಅವರಿಗೆ ಎಂದದ್ದು. ಸೊನ್ನೆ ಬಿಲ್ಲಿನ ಮನೆಗಳಿಂದ ಶುರುಮಾಡಿದರೆ ಎಸ್ಕಾಂ ಕಳೆದುಕೊಳ್ಳುವುದು ಒಳ್ಳೆಯ ಗ್ರಾಹಕನನ್ನಲ್ಲ, ಸರ್ಕಾರದಿಂದ ಬರಬೇಕಾದ ಬಾಕಿಯ ಒಂದು ಭಾಗವನ್ನು. ಅದರ ಬದಲಿಗೆ ಅವರ ಕೈಯಲ್ಲೇ ಒಂದು ಆಸ್ತಿ ಬೆಳೆಯುತ್ತದೆ. ಒಂದು ಟ್ರಾನ್ಸ್‌ಫಾರ್ಮರಿಗೆ ಒಂದು ಬ್ಯಾಟರಿ ಇಟ್ಟರೆ ಹಗಲಿನದ್ದು ಸಂಜೆಗೆ ಸಿಗುತ್ತದೆ. ಸುಮಾರು ಮೂರರಲ್ಲಿ ಒಂದು ಮನೆಯ ಮೇಲೆ ಪ್ಯಾನೆಲ್ ಇರುವ ಆಸ್ಟ್ರೇಲಿಯಾ ಈಗ, 2025ರ ಜುಲೈಯಿಂದ, ಮನೆ ಬ್ಯಾಟರಿಗೆ ನೆರವು ಕೊಡುತ್ತಿದೆ. ಅವರಿಗೆ ತಡವಾಗಿ ಹೊಳೆದದ್ದನ್ನು ನಾವು ಮೊದಲೇ ಮಾಡಬಹುದು. ಅಲ್ಲಿಂದ ಕಲಿಯಬೇಕಾದ್ದು ಇನ್ನೊಂದಿದೆ. ಅಲ್ಲಿ ಪ್ಯಾನೆಲ್ ನೆರವಿನ ಮೊತ್ತವನ್ನು ಅಂಗಡಿಯವನೇ ಬಿಲ್ಲಿನಲ್ಲಿ ಕಳೆದು ಕೊಡುತ್ತಾನೆ, ಮನೆಯವರು ಮೊದಲು ಪೂರ್ತಿ ಕಟ್ಟಿ ಆಮೇಲೆ ಕಾಯುವುದಿಲ್ಲ.

ಕೊನೆಗೆ ಮಂಗಗಳ ವಿಷಯ. ನಗಬೇಡಿ, ನಮ್ಮ ಕಡೆ ಪ್ಯಾನೆಲ್ಲಿನ ವೈರು ಕೀಳುವುದು ಅವೇ. ಸಿಡಿಲಿಗೆ ಇನ್ವರ್ಟರ್ ಸುಡುತ್ತದೆ, ಮಳೆಗಾಲ ಕಳೆದಾಗ ಪಾಚಿ ಹಿಡಿದಿರುತ್ತದೆ. ಹಾಕಿಕೊಟ್ಟವನು ಸಬ್ಸಿಡಿ ಬಿಡುಗಡೆಯಾದ ಮೇಲೆ ಫೋನ್ ಎತ್ತುವುದಿಲ್ಲ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಎಂಟು ತಿಂಗಳಿಂದ ಪ್ಯಾನೆಲ್ ಬರೀ ನೆರಳು ಕೊಡುತ್ತಿದೆ. ಹಾಕಿದವರಿಗೆ ಕೊಡುವ ದುಡ್ಡಿನಲ್ಲಿ ಹತ್ತರಲ್ಲಿ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳಿ. ಒಂದು ವರ್ಷದ ನಂತರ ಮೀಟರ್ ಇಷ್ಟು ಯೂನಿಟ್ ತೋರಿಸಿದರೆ ಅರ್ಧ, ಮೂರನೇ ವರ್ಷವೂ ತೋರಿಸಿದರೆ ಉಳಿದರ್ಧ. ಮನೆಯವರು ದೂರು ಕೊಡುವ ಮೊದಲೇ ಅವನು ಓಡಿಬರುತ್ತಾನೆ. ನಮ್ಮ ಊರಿನ ಐಟಿಐ ಮುಗಿಸಿದ ಹುಡುಗ ಹುಡುಗಿಯರಿಗೆ ಅದರಿಂದಲೇ ಒಂದು ಉದ್ಯೋಗ ಹುಟ್ಟುತ್ತದೆ.

ಇಡೀ ರಾಜ್ಯದಲ್ಲಿ ಒಮ್ಮೆಲೇ ಮಾಡಿ ಎಂದು ನಾನು ಕೇಳುತ್ತಿಲ್ಲ. ಐದು ಎಸ್ಕಾಂಗಳಲ್ಲಿ ಒಂದೊಂದು ತಾಲೂಕು ಆರಿಸಿ. ಒಂದು ಕರಾವಳಿಯದ್ದು ಇರಲಿ, ಒಂದು ಕಲ್ಯಾಣ ಕರ್ನಾಟಕದ್ದು ಇರಲೇಬೇಕು. ಸೊನ್ನೆ ಬಿಲ್ಲಿನ, ತಾರಸಿ ಇರುವ ಎರಡೆರಡು ಸಾವಿರ ಮನೆಗಳಿಗೆ ಕೇಳಿ ನೋಡಿ: ಮಾಡು ಕೊಡುತ್ತೀರಾ, ಬಾಡಿಗೆ ಐವತ್ತು, ಉಚಿತ ಕರೆಂಟ್ ಹೋಗುವುದಿಲ್ಲ ಎಂದು ಬರೆದು ಕೊಡುತ್ತೇವೆ. ಬರೆದು ಕೊಡುವುದನ್ನು ಮರೆಯಬೇಡಿ, ಜನ ಅದನ್ನೇ ಮೊದಲು ಕೇಳುತ್ತಾರೆ. ಮುಂದಿನ ಬಜೆಟ್ಟಿಗೆ ಮೊದಲು ಆ ಹತ್ತು ಸಾವಿರ ಮನೆಗಳ ಮೀಟರ್ ಓದಿ, ಅಂಕಿಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸಿ.

ನಮ್ಮ ತಾಲೂಕನ್ನು ಆರಿಸಿದರೆ ಮನೆಮನೆಗೆ ಹೋಗಿ ಲೆಕ್ಕ ವಿವರಿಸಲು ನಾನೂ, ನನ್ನಂತೆ ನಿವೃತ್ತರಾದ ನಾಲ್ಕೈದು ಮಂದಿಯೂ ಸಿದ್ಧ. ಸಂಬಳ ಬೇಡ. ಮೊದಲು ಹೋಗುವುದು ಆ ಅಜ್ಜಿಯ ಮನೆಗೆ. ಬಿಲ್ಲು ಇನ್ನೂ ಕ್ಯಾಲೆಂಡರಿನ ಮೊಳೆಯಲ್ಲೇ ಇದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ವ್ಯವಸ್ಥಾಪಕಿ,
ದಕ್ಷಿಣ ಕನ್ನಡ ಜಿಲ್ಲೆ